ಗೊರೇಬಾಳದಲ್ಲಿ ಆರು ವಾರ

ಪ್ರವಾಸವೆಂದರೆ ಕಾಲಿನ ಕೆಲಸವೆಂದು ಎಲ್ಲರೂ ತಿಳಿದಿರುವರು. ನಾವು ಈಗ ಬರೆಯಹೊರಟಿರುವ ಪ್ರವಾಸವಾದರೋ ಕಾಲು ಮುರಿದುಕೊಂಡು, ಹೊರಸಿನ ಮೇಲೆ ಅಂಗಾತ ಮಲಗಿ ಮಾಡಿದುದು. ಇದರಲ್ಲಿ ಗಿರಿಶಿಖರಗಳ ವರ್ಣನೆಯಿಲ್ಲ, ಜಲಪಾತಗಳಿಲ್ಲ. ಇರುವುದು ಒಂದು ಪಡಸಾಲೆ, ಅದರ ಬಾಗಿಲಿನಿಂದ ಕಾಣುವಷ್ಟು ಊರು, ಊರಿನಾಚೆಯ ಹೊಲ, ಹೊಲಗಳ ನಡುವೆ ಹಾದುಹೋಗುವ ಕಾಲುವೆ. ಆದರೂ ನಾವು ಕಾಶಿಯಿಂದ ಕನ್ಯಾಕುಮಾರಿಯವರೆಗೆ ತಿರುಗಿ ಕಂಡುದಕ್ಕಿಂತ ಹೆಚ್ಚಿನದನ್ನು ಆ ಬಾಗಿಲಿನಿಂದ ಕಂಡೆವು. ಹಾಗೆಂದು ಈ ಬಗೆಯ ಪ್ರವಾಸವನ್ನು ವಾಚಕರಿಗೆ ಶಿಫಾರಸು ಮಾಡುವ ಉದ್ದೇಶ ನಮಗಿಲ್ಲ.

ಗೊರೇಬಾಳವು ರಾಯಚೂರು ಜಿಲ್ಲೆಯಲ್ಲಿ ಸಿಂಧನೂರಿನ ಸೀಮೆಗೆ ಸೇರಿದ ಊರು. ಒಂದು ಕಡೆಗೆ ಸಿಂಧನೂರು, ಇನ್ನೊಂದು ಕಡೆಗೆ ಮಸ್ಕಿ, ಅದರಾಚೆ ಲಿಂಗಸುಗೂರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಣ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆಯೆಂದು ಕರೆದಿವೆ. ಹೆಸರಿಗೆ ಎರಡು ದೊರೆಗಳ ನಡುವಿನ ನಾಡು. ಅನುಭವಕ್ಕೆ ಬರದ ನಾಡು. ಮಹಾನದಿಗಳು ಎರಡು ಪಕ್ಕದಲ್ಲಿಯೂ ಹರಿಯುತ್ತಿರಲು ನಡುವೆ ಕುಳಿತ ಜನ ಆಕಾಶವನ್ನು ನೋಡಿ ಬಾಳಿದರು. ಬಹಮನಿಯವರೂ ವಿಜಯನಗರದವರೂ ಈ ನೆಲಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರೆಂದು ಚರಿತ್ರೆ ಹೇಳುತ್ತದೆ. ಉಳುವವನಿಗೆ ಮಾತ್ರ ಯಾರು ಗೆದ್ದರೂ ಮಳೆಯೇ ಅರಸನಾಗಿತ್ತು. 1876ರಿಂದ 1878ರವರೆಗಿನ ಘೋರಕ್ಷಾಮದ ಮಾತನ್ನು ನಮ್ಮ ಮುತ್ತಜ್ಜಿ ತನ್ನ ಅತ್ತೆಯಿಂದ ಕೇಳಿ ನಮ್ಮ ತಾಯಿಗೆ ಹೇಳಿದ್ದಳು. ನಮ್ಮ ತಾಯಿ ಅದನ್ನು ನಮಗೆ ಹೇಳಲಿಲ್ಲ. ಉಣ್ಣುವ ಹೊತ್ತಿನಲ್ಲಿ ಆ ಮಾತು ಬೇಡ, ಮಲಗುವ ಹೊತ್ತಿನಲ್ಲಿ ಬೇಡವೇ ಬೇಡ ಎನ್ನುತ್ತಿದ್ದಳು.

ಇದೇ ನಮ್ಮ ಹುಟ್ಟೂರು. ಆದರೂ 2024ರ ಶ್ರಾವಣಮಾಸದ ಮೊದಲಲ್ಲಿ ನಾವು ಅಲ್ಲಿ ಬಸ್ಸಿನಿಂದಿಳಿದಾಗ, ಊರೊಳಗೆ ಕಾಲಿಡಬಾರದೆಂದೇ ನಿಶ್ಚಯಿಸಿಕೊಂಡಿದ್ದೆವು. ಇದರ ಕಾರಣವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೇಳಲು ನಮಗೆ ನಾಚಿಕೆಯೂ ಆಗುತ್ತದೆ.

ನಮ್ಮ ತಂದೆಗೆ ಎಂಟೆಕರೆ ಹೊಲವಿತ್ತು. ನಾಲ್ಕೆಕರೆ ಕಾಲುವೆಯ ಕೆಳಗಿನ ಎರೆ, ನಾಲ್ಕೆಕರೆ ಕಾಲುವೆಯ ನೀರೇರದ ಎತ್ತರದ ಮಸಾರಿ. ಮಕ್ಕಳು ಇಬ್ಬರೇ: ಅಕ್ಕ, ನಾವು. ಅಕ್ಕನನ್ನು ಅದೇ ಊರಿನಲ್ಲಿ ಬಳಗದವರ ಮನೆಗೆ ಕೊಟ್ಟಿತ್ತು. ಭಾವನವರು ಮಗ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡರು. ತಂದೆಯವರು ಕೊನೆಯ ಕಾಲದಲ್ಲಿ, “ಹೊಲಾ ಇಬ್ಬರಿಗೂ ಸಮಾ ಮಾಡು” ಎಂದು ನಮಗೆ ಹೇಳಿದರು. ನಾವು ಸಮವಾಗಿಯೇ ಮಾಡಿದೆವು. ಎರೆಯ ನಾಲ್ಕೆಕರೆ ನಮಗೆ, ಮಸಾರಿಯ ನಾಲ್ಕೆಕರೆ ಅಕ್ಕನಿಗೆ. ಎಕರೆಯ ಲೆಕ್ಕದಲ್ಲಿ ಯಾವ ಪಂಚರೂ ತಪ್ಪು ಹಿಡಿಯುವಂತಿರಲಿಲ್ಲ. ಅಕ್ಕನು ಕಾಗದಕ್ಕೆ ಹೆಬ್ಬೆಟ್ಟೊತ್ತಿ, “ತವರಿನ ನೆಲಾ ಬಂತು, ತವರಿನ ನೀರು ಬರಲಿಲ್ಲ” ಎಂದಷ್ಟೇ ಹೇಳಿ ಎದ್ದುಹೋದಳು. ಆ ಮಾತು ನಮಗೆ ಸಿಟ್ಟು ಬರಿಸಿತು. ನಿಜವಾದ ಮಾತಿಗಲ್ಲದೆ ಇನ್ನಾವುದಕ್ಕೆ ಮನುಷ್ಯನು ಅಷ್ಟು ಸಿಟ್ಟಾಗುವನು! ಅಂದಿನಿಂದ ಹೋಗುಬರುವುದು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ಹದಿನೆಂಟು ವರುಷ ನಾವು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನಮ್ಮ ಮನೆಯವರು ತೀರಿಕೊಂಡಾಗ ಅಕ್ಕನು ಮೂರನೆಯ ದಿನ ಧಾರವಾಡಕ್ಕೆ ಬಂದು, ಒಂದು ಹಗಲು ಗೋಡೆಗೆ ಒರಗಿ ಕುಳಿತು, ನಮ್ಮ ಮನೆಯ ನೀರನ್ನೂ ಮುಟ್ಟದೆ ಸಂಜೆಯ ಬಸ್ಸಿಗೆ ಹಿಂದಿರುಗಿದ್ದಳು.

ಎರೆಯ ಹೊಲವನ್ನು ನಾವು ಕೋರಿಗೆ ಕೊಟ್ಟಿದ್ದೆವು. ವರುಷಕ್ಕೆ ಎರಡು ಭತ್ತದ ಬೆಳೆ. ಕೂತಲ್ಲಿಗೆ ಹಣ ಬರುತ್ತಿತ್ತು. ಬರಬರುತ್ತ ಆ ಹಣ ಇಳಿಯಿತು. ಆಮೇಲೆ ಕೋರಿನವನು, ಬೆಳೆ ಸುಡುತ್ತಿದೆ, ನೆಲ ಬೆಳ್ಳಗಾಗಿದೆ ಎಂದು ಹೇಳಿ ಹೊಲವನ್ನು ಬಿಟ್ಟನು. ಸರಿ, ಮಾರಿಬಿಡೋಣವೆಂದು ಹೊರಟೆವು. ಬಸ್ಸಿನಿಂದಿಳಿದು, ಊರನ್ನು ಬಳಸಿ, ಕಾಲುವೆಯ ಏರಿಯ ಮೇಲಿಂದ ನೇರವಾಗಿ ಹೊಲಕ್ಕೆ ಹೋಗಿ, ಕೊಳ್ಳುವವನಿಗೆ ಎಲ್ಲೆ ತೋರಿಸಿ, ಅದೇ ದಾರಿಯಿಂದ ಹಿಂದಿರುಗುವುದೆಂದು ಯೋಜನೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಯ ಮಣ್ಣು ನೆನೆದರೆ ಬೆಣ್ಣೆಯಂತಾಗುವುದು ಈ ಸೀಮೆಯ ಕೂಸಿಗೂ ಗೊತ್ತು; ನಾವು ಮರೆತಿದ್ದೆವು. ಹೊಲಗಾಲುವೆಯ ದಂಡೆಯಲ್ಲಿ ಜಾರಿ ಬಿದ್ದೆವು. ಎಡಗಾಲಿನ ಮೊಳಕಾಲಿನ ಕೆಳಗೆ ಏನೋ ಒಣಕಟ್ಟಿಗೆ ಮುರಿದಂತಹ ಸದ್ದು ಕೇಳಿಸಿತು. ಅದು ನಮ್ಮದೇ ಎಲುಬೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಎತ್ತಿಕೊಂಡು ಹೋದವನು ಅಕ್ಕನ ಮಗ. ಅವನು ಮೇಲಿನ ಹೊಲದಿಂದ ನಮ್ಮನ್ನು ನೋಡಿದ್ದನಂತೆ; ಬೀಳುವ ಮೊದಲೇ ಗುರುತು ಹಿಡಿದಿದ್ದನಂತೆ; ಆದರೂ ಮಾತಾಡಿಸಲು ಬರಲಿಲ್ಲ. ಬಿದ್ದ ಮೇಲೆ ಓಡಿಬಂದನು. ಸಿಂಧನೂರಿನ ವೈದ್ಯರು ಕಾಲಿಗೆ ಗಟ್ಟಿ ಪಟ್ಟಿ ಹಾಕಿ, ಆರು ವಾರ ನೆಲಕ್ಕೆ ಕಾಲೂರಕೂಡದು, ದೂರದ ಪಯಣವಂತೂ ಸಲ್ಲದು ಎಂದರು. ನಮ್ಮ ಮಗನಿರುವುದು ಪುಣೆಯಲ್ಲಿ. ಧಾರವಾಡದ ಮನೆಗೆ ಬೀಗ. “ಮಾಮಾ, ಮನಿಗೆ ಹೋಗಾಮು” ಎಂದನು ಅಳಿಯ. ಯಾರ ಮನೆಗೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಕ್ಕನು ಬಾಗಿಲಲ್ಲಿ ನಿಂತಿದ್ದಳು. ಎಪ್ಪತ್ತು ದಾಟಿದ ಮುಖ; ನಮ್ಮ ತಾಯಿಯೇ ನಿಂತಂತಿತ್ತು. “ಹೊರಸು ಹಾಕೀನಿ. ಬಾ” ಎಂದಳು. ಅಷ್ಟೇ.

ಹೊರಸಿನ ಮೇಲೆ ಹಾಸಿದ್ದುದು ಒಂದು ಕೌದಿ. ಮೊದಲ ಎರಡು ದಿನ ನೋವಿನಲ್ಲಿ ನಾವು ಏನನ್ನೂ ಗಮನಿಸಲಿಲ್ಲ. ಮೂರನೆಯ ದಿನ ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ನೋಡುತ್ತೇವೆ, ಕೌದಿಯ ನಡುವೆ ಒಂದು ಚೌಕ ತುಣುಕು ನಮ್ಮ ತಾಯಿಯ ಇಳಕಲ್ಲ ಸೀರೆಯದು, ಸುತ್ತಲಿನ ಬಿಳಿಯ ತುಣುಕುಗಳು ತಂದೆಯವರ ಧೋತರದವು. ಮೂಲೆಯಲ್ಲಿ ಒಂದು ನೀಲಿಯ ತುಣುಕು. ಅದು ನಾವು ಶಾಲೆಗೆ ಹೋಗುತ್ತಿದ್ದಾಗಿನ ಅಂಗಿ. ಭಾವನವರು ತೀರಿಕೊಂಡ ಮೇಲೆ ಅಕ್ಕನು ಕೌದಿ ಹೊಲಿದುಕೊಟ್ಟು ನಾಲ್ಕು ಕಾಸು ಗಳಿಸುತ್ತಿದ್ದಳೆಂಬುದು ನಮಗೆ ಗೊತ್ತಿತ್ತು. ಇದನ್ನು ಮಾತ್ರ ಮಾರಿರಲಿಲ್ಲ. ನಾವು ಆ ನೀಲಿಯ ಮೂಲೆಯನ್ನು ಕಾಲಕಡೆಯಿಂದ ತಲೆಕಡೆಗೆ ತಿರುಗಿಸಿ ಹಾಸಬೇಕೆಂದು ಕೇಳಿಕೊಂಡೆವು. ಏಕೆಂದು ಅವಳು ಕೇಳಲಿಲ್ಲ.

ಮರುದಿವಸವೋ ಮುಂದಿನ ದಿವಸವೋ, ಅಂತೂ ಆಗಸ್ಟ್ 9ಕ್ಕೆ, ನಾಗರಪಂಚಮಿ. ನಮ್ಮ ಕಡೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಗಿಡಗಳಿಗೆಲ್ಲ ಜೋಕಾಲಿ ಬೀಳಬೇಕು. ಅಳ್ಳು, ತಂಬಿಟ್ಟು, ಎಳ್ಳಿನ ಉಂಡಿ, ಶೇಂಗಾದ ಉಂಡಿ ಎಂದು ಡಬ್ಬಿಗಟ್ಟಲೆ ಆಗಬೇಕು. ಕರೆಯಲು ಬರುವ ತಮ್ಮನ ದಾರಿಯನ್ನು ನೋಡುವ ಹೆಣ್ಣುಮಕ್ಕಳ ಹಾಡುಗಳು ಈ ಸೀಮೆಯಲ್ಲಿ ಎಷ್ಟೆಂಬುದನ್ನು ಎಣಿಸಿದವರಿಲ್ಲ. ಹದಿನೆಂಟು ಪಂಚಮಿಗಳು ನಾವು ಹೋಗಲಿಲ್ಲ. ಹತ್ತೊಂಬತ್ತನೆಯದಕ್ಕೆ ಹೋದೆವು, ಕರೆತರಲಲ್ಲ, ಅವಳಿಂದ ಬಾಯಿಗೆ ಉಂಡಿ ಇಡಿಸಿಕೊಳ್ಳಲು. ಓಣಿಯ ಹೆಂಗಸರು ಬಂದು ನಮ್ಮನ್ನು ನೋಡಿ, “ಅಕ್ಕಗ ಪಂಚಮಿಗೆ ತಮ್ಮ ಬಂದಾನ” ಎಂದು ನಕ್ಕರು. ಒಬ್ಬಾಕೆ, “ಬಂದಾನಲ್ಲವ್ವಾ, ಬಿದ್ದಾನ” ಎಂದಳು. ಆಗ ಅಕ್ಕನು ನಕ್ಕುದು ಕೇಳಿಸಿತು. ಆ ನಗೆಯನ್ನು ಕೇಳಿ ಎಷ್ಟು ಕಾಲವಾಗಿತ್ತು!

ಹಬ್ಬದ ಮರುರಾತ್ರಿ ನಡೆದ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಹತ್ತಿರದ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಣಿ ಹರಿದು ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ಸುದ್ದಿ ಗೊರೇಬಾಳವನ್ನು ಮುಟ್ಟಿತ್ತು. ಪಡಸಾಲೆಯ ಮುಂದಿನ ಕಟ್ಟೆಯ ಮೇಲೆ ಜನ ಸೇರಿದರು. ಎಲ್ಲರ ಕೈಯಲ್ಲಿ ಮೊಬೈಲು, ಅದರಲ್ಲಿ ಒಂದೇ ಚಿತ್ರ: ಬಾಗಿಲಿಲ್ಲದ ಕಂಡಿಯಿಂದ ಬೆಳ್ಳಗೆ ನುಗ್ಗುವ ನೀರು. ಅದೇ ತಾನೇ ನಾಟಿ ಮಾಡಿದವರು, ಸಸಿ ಹಾಕಿ ಕಾದವರು, ಸಾಲ ತಂದು ಗೊಬ್ಬರ ಚೆಲ್ಲಿದವರು, ಎಲ್ಲರೂ ಆ ನೀರನ್ನು ಕಣ್ಣಿನಿಂದ ಅಳೆಯುತ್ತಿದ್ದರು. ಹೊರಸಿನ ಮೇಲಿದ್ದ ನಮಗೆ ಅವರ ಮುಖಗಳು ಒಂದೊಂದಾಗಿ ಕಾಣುತ್ತಿದ್ದವು.

ಈ ಸೀಮೆಗೆ ಆ ನೀರೆಂದರೇನೆಂಬುದನ್ನು ದೂರದವರಿಗೆ ಸ್ವಲ್ಪ ಹೇಳಬೇಕು. ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. ಆಗ ಹೊಳೆಯ ಈ ದಡ ನಿಜಾಮರದು, ಆ ದಡ ಮದರಾಸು ಪ್ರಾಂತದ್ದು. 1953ರಲ್ಲಿ ನೀರು ಬಿಟ್ಟರು. ಎಡದಂಡೆಯ ಕಾಲುವೆ ಕೊಪ್ಪಳದ ಸೀಮೆಯನ್ನು ದಾಟಿ ರಾಯಚೂರಿನ ಸೀಮೆಯೊಳಕ್ಕೆ ಒಟ್ಟು 227 ಕಿಲೋಮೀಟರು ಹರಿಯುತ್ತದೆ. ಅದನ್ನು ಕಲ್ಪಿಸಿದವರ ಉದ್ದೇಶವು ಭತ್ತದ ಗದ್ದೆಗಳನ್ನು ತುಂಬಿಸುವುದಾಗಿರಲಿಲ್ಲ. ಮಳೆ ಕೈಕೊಟ್ಟಾಗ ಜೋಳ ಹತ್ತಿಗಳು ಒಣಗದಂತೆ ಬಹು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬರವನ್ನು ತಡೆಯುವುದೇ ಅವರ ಲೆಕ್ಕ. ಆದರೆ ನೀರು ಕಣ್ಣೆದುರಿಗೆ ಹರಿಯುವಾಗ ಲೆಕ್ಕದ ಪುಸ್ತಕವನ್ನು ನೋಡುವವರಾರು? ಕೃಷ್ಣಾ ಗೋದಾವರಿಗಳ ಮುಖಜಭೂಮಿಯಿಂದ ಭತ್ತದ ಕಸುಬು ಬಲ್ಲ ಒಕ್ಕಲಿಗರು ಬಂದು, ಹೊಲ ಕೊಂಡು, ಊರ ಹೊರಗೆ ನೆಲೆಗೊಂಡರು. ಆ ನೆಲೆಗಳಿಗೆಲ್ಲ ಕ್ಯಾಂಪುಗಳೆಂದೇ ಹೆಸರು ನಿಂತಿತು. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದವರಿಗೂ ಸಿಂಧನೂರಿನ ಬಳಿ ಸರಕಾರ ನೆಲ ಕೊಟ್ಟಿತು. ಹುಟ್ಟಿದ ನೆಲದಿಂದ ಅಷ್ಟು ದೂರ ಬಂದು, ಅರಿಯದ ಮಾತಿನ ನಡುವೆ ಅವರು ಗದ್ದೆ ಮಾಡಿದುದನ್ನು ನೆನೆದರೆ ನಮ್ಮ ಮುರಿದ ಕಾಲು ದೊಡ್ಡ ಮಾತೇನೂ ಅಲ್ಲ. ನೋಡನೋಡುತ್ತ ಜೋಳದ ನಾಡು ಭತ್ತದ ಕಣಜವಾಯಿತು. ಸಿಂಧನೂರಿನ ಸೋನಾ ಮಸೂರಿಯನ್ನು ಉಣ್ಣದ ಊರು ಈಗ ಕಡಿಮೆ.

ಇದರಿಂದ ಹಿತವಾಗಲಿಲ್ಲವೆಂದು ಹೇಳಿದರೆ ನಾಲಗೆ ಬಿದ್ದೀತು. ಹಸಿವು ಹೋಯಿತು, ಮಕ್ಕಳು ಓದಿದರು. ನಾವು ಕಾಲೇಜಿನಲ್ಲಿ ಓದಿದುದು ಅದೇ ಭತ್ತದ ಹಣದಿಂದ. ಆದರೆ ಕಾಲುವೆಯ ಮೊದಲ ಭಾಗದವರು ಗದ್ದೆ ತುಂಬಿಸಿಕೊಂಡರೆ ಕೊನೆಯ ಭಾಗದವರಿಗೆ ಬರಿಯ ಕಾಲುವೆ ಉಳಿಯುತ್ತದೆ. ಅಣೆಕಟ್ಟಿನೊಳಗೆ ಹೂಳು ತುಂಬಿ, ಮೊದಲು 133 ಶತಕೋಟಿ ಘನ ಅಡಿಯಷ್ಟು ನೀರು ಹಿಡಿಯುತ್ತಿದ್ದುದು ಈಗ 105ರ ಆಸುಪಾಸಿಗೆ ಇಳಿದಿದೆ. ಇನ್ನೊಂದು ಕೆಡುಕು ಕಣ್ಣಿಗೆ ಕಾಣದೆ ಕೆಳಗಿನಿಂದ ಬರುತ್ತದೆ. ಎರೆಯ ನೆಲ ನೀರನ್ನು ಹಿಡಿದಿಡುವ ನೆಲ. ಮಳೆಗಾಲದ ತೇವವನ್ನು ಒಡಲಲ್ಲಿಟ್ಟುಕೊಂಡು ಹಿಂಗಾರಿಯ ಜೋಳವನ್ನು ಒಂದು ಹನಿ ಮಳೆಯಿಲ್ಲದೆ ಬೆಳೆಸುವುದು ಅದರ ದೊಡ್ಡ ಗುಣ. ಆ ಗುಣವೇ ಗದ್ದೆಯಲ್ಲಿ ಮುಳುವಾಗುತ್ತದೆ. ವರುಷಗಟ್ಟಲೆ ನಿಲ್ಲಿಸಿದ ನೀರು ಬಸಿದುಹೋಗದೆ, ಒಳಗಿನ ನೀರು ಮೇಲೇರಿ, ಬಿಸಿಲಿಗೆ ಆವಿಯಾಗುವಾಗ ನೆಲದೊಳಗಿನ ಉಪ್ಪನ್ನು ಹೊತ್ತುತಂದು ಮೇಲೆ ಬಿಟ್ಟುಹೋಗುತ್ತದೆ. ಅದೇ ಸವುಳು. ನಮ್ಮ ನಾಲ್ಕೆಕರೆ ಬೆಳ್ಳಗಾದುದು ಹೀಗೆ. ಎತ್ತರದಲ್ಲಿರುವ ಅಕ್ಕನ ಮಸಾರಿಗೆ ಕಾಲುವೆಯ ನೀರು ಏರಲಿಲ್ಲ. ಆದುದರಿಂದ ಉಪ್ಪೂ ಏರಲಿಲ್ಲ. ಅವಳು ಸಜ್ಜೆ, ತೊಗರಿ, ಶೇಂಗಾ ಬಿತ್ತಿದಳು, ಎಮ್ಮೆ ಕಟ್ಟಿದಳು, ಮಳೆ ಹೋದ ವರುಷ ಕೂಲಿಗೆ ನಡೆದಳು. ಹೊಲ ಮಾತ್ರ ಹೊಲವಾಗಿಯೇ ಉಳಿಯಿತು.

ಬಾಗಿಲು ಕೊಚ್ಚಿಹೋದ ಆ ದಿನಗಳಲ್ಲಿ ಕಟ್ಟೆಯ ಮೇಲಿನ ಜನ ಇದನ್ನೇ ಆಡಿಕೊಂಡರು. “ಈಗ ನಿಮ್ಮವ್ವನ ಹೊಲಾನ ಚಲೋ ನೋಡು. ನೀರು ಇಲ್ಲದವರಿಗೆ ನೀರಿನ ಚಿಂತಿ ಇಲ್ಲ” ಎಂದನೊಬ್ಬನು ಅಳಿಯನಿಗೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನಿಗೆ ಅದು ಕೇಳಿಸಿತು. ಬಡಿಯುವ ಸದ್ದು ನಿಂತಿತು. ಅವಳು ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು ಹೇಳಿದಳು: “ಹಂಗ ಅನಬ್ಯಾಡಪ್ಪ. ನನ್ನ ಹೊಲಾ ಉಳೀತು ಖರೆ. ಅದನ್ನ ಉಳಿಸಾಕ ನಾ ಏನು ಉಂಡೀನಿ, ಏನು ಬಿಟ್ಟೀನಿ, ನಿನಗ ಗೊತ್ತಿಲ್ಲ. ಮಂದಿ ಗದ್ದಿ ಒಣಗಿದ್ರ ನನಗೇನು ಹಬ್ಬೇನು?” ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಾವು ಹೊರಸಿನ ಮೇಲೆ ಮಲಗಿ ಆ ಮಾತನ್ನು ಬಹಳ ಹೊತ್ತು ಯೋಚಿಸಿದೆವು. ಕಷ್ಟದಲ್ಲಿಯೂ ಒಂದು ಒಳಿತಿರುತ್ತದೆಂದು ನಾವು ಮೇಷ್ಟರಾಗಿದ್ದಾಗ ಮಕ್ಕಳಿಗೆ ಎಷ್ಟು ಸಲ ಹೇಳಿದೆವೋ! ಹಾಗೆ ಹೇಳುವವರು ಹೆಚ್ಚಾಗಿ ಹೊಟ್ಟೆ ತುಂಬಿದವರು, ಕಷ್ಟವು ಇನ್ನೊಬ್ಬರದು. ಅಕ್ಕನ ಬಾಳಿನಲ್ಲಿ ಏನಾದರೂ ಒಳಿತು ಕಂಡರೆ ಅದನ್ನು ಮುಚ್ಚಿಟ್ಟಿದ್ದುದು ಕಷ್ಟವಲ್ಲ, ಬೆಳೆಸಿದವಳು ಅವಳು. ಮತ್ತು ಆ ಕಷ್ಟದ ಒಂದು ಪಾಲನ್ನು ಸಮವಾಗಿ ಹಂಚಿ ಕೊಟ್ಟವರು ನಾವು.

ವಾರ ಕಳೆಯುವ ಹೊತ್ತಿಗೆ ಅಣೆಕಟ್ಟಿನಲ್ಲಿ, ಬಾಗಿಲುಗಳ ಕಸುಬಿನಲ್ಲಿ ಹಳಬರಾದ ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಂಡಿಯನ್ನು ಮುಚ್ಚಿದರು. ಆ ಸಂಜೆ ಗೊರೇಬಾಳದ ಕಟ್ಟೆಯ ಮೇಲೆ ಯಾರೋ ಸಕ್ಕರೆ ಹಂಚಿದರು; ನಮ್ಮ ಹೊರಸಿಗೂ ಒಂದು ಚಿಟಿಕೆ ಬಂತು. ಮುಂದೆ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು.

ಮಲಗಿದವನಿಗೆ ಊರು ಸದ್ದಿನಿಂದಲೇ ಗುರುತಾಗುತ್ತದೆ. ಮುಂಜಾನೆ ಎಮ್ಮೆಯ ಹಾಲು ಚೆಂಬಿಗೆ ಬೀಳುವ ಸದ್ದು, ಆಮೇಲೆ ರೊಟ್ಟಿಯ ಸದ್ದು, ಶಾಲೆಯ ಗಂಟೆ, ನಾಟಿಗೆ ಹೋಗುವ ಹೆಂಗಸರನ್ನು ಹೊತ್ತ ಟ್ರ್ಯಾಕ್ಟರು, ನಡುಹಗಲಿನ ಮೌನ, ಸಂಜೆ ಗುಡಿಯ ಗಂಟೆ. ಊಟಕ್ಕೆ ಬಿಸಿರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು. ಧಾರವಾಡದಲ್ಲಿ ನಮಗೆ ಅಜೀರ್ಣದ ಬೇನೆಯಿತ್ತು. ಆರು ವಾರದಲ್ಲಿ ಅದರ ನೆನಪೇ ಆಗಲಿಲ್ಲ. ಗೃಹಿಣಿಯರಾದ ವಾಚಕರು ಇದನ್ನು ಗಮನಿಸಬಹುದು: ಅಕ್ಕನು ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸುತ್ತಾಳೆ, ಒಗ್ಗರಣೆಗೆ ಬೆಳ್ಳುಳ್ಳಿಯನ್ನು ಕೈಬಿಚ್ಚಿ ಹಾಕುತ್ತಾಳೆ, ಒಂದು ರಾತ್ರಿ ಕಳೆದ ಮೇಲೆ ಅದರ ರುಚಿ ಇಮ್ಮಡಿ.

ರಾತ್ರಿ ನೆರೆಮನೆಯ ಹಿರಿಯರೊಬ್ಬರು ಬಂದು ಕೂರುತ್ತಿದ್ದರು. ಅವರಿಗೆ ದಾಸರ ಕಥೆಗಳೆಂದರೆ ಪ್ರಾಣ. ಇದೇ ಜಿಲ್ಲೆಯ ಮಾನ್ವಿಯ ಜಗನ್ನಾಥದಾಸರ ಕಥೆಯನ್ನು ಒಂದು ರಾತ್ರಿ ಹೇಳಿದರು. ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನವಿದ್ವಾಂಸರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅವರಿಗೆ ಸಸಾರ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವ ನಿಜವಾಯಿತು, ಹೊಟ್ಟೆಯ ಬೇನೆ ಹಿಡಿದು ಅನ್ನ ಸೇರದಂತಾಯಿತು. ಕೊನೆಗೆ ವಿಜಯದಾಸರಲ್ಲಿಗೇ ಹೋಗಿ, ಅವರು ಹೇಳಿದಂತೆ ಗೋಪಾಲದಾಸರನ್ನು ಮೊರೆಹೊಕ್ಕು, ಅವರು ಕೊಟ್ಟ ಜೋಳದ ರೊಟ್ಟಿಯನ್ನುಂಡು ಗುಣಹೊಂದಿದರೆಂದು ಸಂಪ್ರದಾಯದ ಕಥೆ. ಆಮೇಲೆ ಆ ಪಂಡಿತರೇ ತಿಳಿಗನ್ನಡಕ್ಕೆ ಇಳಿದು ಭಾಮಿನೀಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆದರು.

“ಹೊಟ್ಟೆನೋವು ಬರದಿದ್ದರೆ ನಮಗೆ ಆ ಗ್ರಂಥವಿರುತ್ತಿರಲಿಲ್ಲ” ಎಂದರು ಹಿರಿಯರು. ಅಕ್ಕನು ಕತ್ತಲಲ್ಲಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದವಳು, “ಹೊಟ್ಟಿನೋವು ಬಂದವರು ಊರತುಂಬ ಅದಾರ. ಬರೆದವರು ಒಬ್ಬರ” ಎಂದಳು. ಸ್ವಲ್ಪ ತಡೆದು, “ಅವರು ಹೋಗಿ ಕೇಳಿಕೊಂಡ್ರು ನೋಡ್ರಿ, ಅದು ದೊಡ್ಡದು” ಎಂದೂ ಹೇಳಿದಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಿರಿಯರು ಹೋದ ಮೇಲೆ, ಅಕ್ಕನು ದೀಪವಾರಿಸಲು ಬಂದಾಗ, ಮೂವತ್ತೈದು ವರುಷ ಆಡಬೇಕಾಗಿದ್ದ ಮಾತನ್ನು ಆಡಿದೆವು. ಹೊಲವನ್ನು ಹಂಚಿದುದು ತಪ್ಪಾಯಿತೆಂದೆವು. ಆಗಲೂ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆವೆಂದೆವು. ಅವಳು ಕಾಲ್ದೆಸೆಯಲ್ಲಿ ಕುಳಿತಳು. ಬಹಳ ಹೊತ್ತು ಮಾತಾಡಲಿಲ್ಲ.

“ನನಗ ಹೊಲದ ಸಿಟ್ಟು ಇರಲಿಲ್ಲಪ್ಪ” ಎಂದಳು ಕೊನೆಗೆ. “ನೀ ಒಂದು ಸಲ ಕೇಳಲಿಲ್ಲ, ಯಾವುದು ಬೇಕಕ್ಕಾ ಅಂತ. ಕೇಳಿದ್ದರ ನಾನ ಹೇಳ್ತಿದ್ದೆ, ನೀ ಓದಿದಾಂವ, ಎರಿ ಹೊಲಾ ನೀ ತಗೊ ಅಂತ.”

ನಮಗೆ ಉತ್ತರ ತೋಚಲಿಲ್ಲ. ಅವಳು ಪಟ್ಟಿ ಹಾಕಿದ ಕಾಲಿನ ಮೇಲೆ ಕೌದಿಯನ್ನು ಸರಿಪಡಿಸಿ, “ನಿನ್ನ ಕಾಲು ಮುರಿದದ್ದು ಚಲೋ ಆತು ಅಂತ ನಾ ಹೆಂಗ ಅನ್ಲಿ? ಅನ್ನಾಕ ಬರೂದಿಲ್ಲ. ಆದ್ರ ಮುರೀದಿದ್ರ ನೀ ಬರ್ತಿದ್ದಿಲ್ಲ” ಎಂದು ದೀಪವಾರಿಸಿದಳು.

ಸೆಪ್ಟೆಂಬರಿನಲ್ಲಿ ಪಟ್ಟಿ ಬಿಚ್ಚಿದರು. ಕೋಲೂರಿ ನಾಲ್ಕು ಹೆಜ್ಜೆ ಹಾಕುವಂತಾದ ಮೇಲೆ ಅಳಿಯನು ನಮ್ಮಿಬ್ಬರನ್ನೂ ಬಾಡಿಗೆಯ ಮೋಟಾರಿನಲ್ಲಿ ಮಸ್ಕಿಗೆ ಕರೆದೊಯ್ದನು. ಇಷ್ಟು ಹತ್ತಿರವಿದ್ದೂ ಅಕ್ಕನು ಸಂತೆಗಲ್ಲದೆ ಅಲ್ಲಿಗೆ ಹೋದವಳಲ್ಲ; ಬಂಡೆಯ ಮೇಲಿನ ಬರೆಹವನ್ನು ಕಂಡಿರಲಿಲ್ಲ. ಕಂಡಿಲ್ಲದವರು ನಾವೂ ಒಬ್ಬರೆಂದು ಒಪ್ಪಿಕೊಳ್ಳಬೇಕು. ಚರಿತ್ರೆಯನ್ನು ಮೂವತ್ತು ವರುಷ ಪಾಠ ಹೇಳಿ, ಹುಟ್ಟೂರ ಮಗ್ಗುಲಿನ ಅಶೋಕನ ಶಾಸನವನ್ನು ಪುಸ್ತಕದಲ್ಲಷ್ಟೇ ನೋಡಿದ್ದೆವು.

ಆ ಶಾಸನ ಸಿಕ್ಕಿದ ಬಗೆಯೇ ಒಂದು ಸ್ವಾರಸ್ಯ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇಶದ ಬಂಡೆಗಳಲ್ಲೆಲ್ಲ ದೇವರಿಗೆ ಪ್ರಿಯನೆಂಬ ಬಿರುದಿನ ಅರಸನೊಬ್ಬನು ಕಾಣಿಸಿಕೊಂಡನು. ಅವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಸಹಾಯದಿಂದ ಊಹಿಸಿದರು. ಆದರೆ ಆ ಅರಸನ ಶಾಸನಗಳಲ್ಲಿ ಆ ಹೆಸರು ಎಲ್ಲಿಯೂ ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಚಿನ್ನವನ್ನು ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದನು. ಈ ಸೀಮೆಯಲ್ಲಿ ಚಿನ್ನವುಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಾರೆ. ಚಿನ್ನವನ್ನು ಹುಡುಕುವವನ ಕಣ್ಣಿಗೆ ಬಿದ್ದುದು ಬಂಡೆಯ ಮೇಲಿನ ಅಕ್ಷರ. ಆ ಅಕ್ಷರಗಳಲ್ಲಿ ಮೊದಲನೆಯ ಬಾರಿಗೆ, ಬಿರುದಿನ ಜೊತೆಯಲ್ಲಿಯೇ, ಅಶೋಕನೆಂಬ ಹೆಸರಿತ್ತು.

ಕೋಲೂರಿ ಅಲ್ಲಿಯವರೆಗೆ ಹೋಗುವುದು ನಮಗೆ ಸುಲಭವಾಗಲಿಲ್ಲ. ಅಳಿಯನೊಂದು ಕಡೆ, ಅಕ್ಕನೊಂದು ಕಡೆ ಹಿಡಿದರು. ಬಂಡೆಯ ಮುಂದೆ ನಿಂತು ಅಕ್ಕನು ಕೇಳಿದಳು, “ಏನು ಬರದಾನ?” ಪ್ರಾಕೃತ ಭಾಷೆಯ ಆ ಬರೆಹದ ತಾತ್ಪರ್ಯವನ್ನು ನಾವು ಹೇಳಿದೆವು: ಧರ್ಮದಲ್ಲಿ ನಿಂತವನು ಸಣ್ಣವನಾದರೂ ಮೇಲಿನ ಪದವಿಯನ್ನು ಪಡೆಯಬಹುದು, ಅದು ದೊಡ್ಡವರ ಸೊತ್ತೆಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂದು. ಕಳಿಂಗದ ಯುದ್ಧದಲ್ಲಿ ಲಕ್ಷ ಜನ ಸತ್ತುದನ್ನು ಕಂಡು ಈ ಅರಸನು ಮರುಗಿದನೆಂದೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಅಕ್ಷರಗಳನ್ನು ನೋಡಿದಳು. “ಸತ್ತವರಿಗೆ ಏನು ಬಂತು?” ಎಂದಳು. ಚರಿತ್ರೆಯ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ನಾವು ಯಾರಿಗೂ ಕೊಟ್ಟಿರಲಿಲ್ಲ.

ಹೊಲವನ್ನು ಮಾರಲಿಲ್ಲ. ಸವುಳಾದ ನೆಲಕ್ಕೆ ಮದ್ದಿದೆಯೆಂದು ಅಳಿಯನು ತಿಳಿದುಕೊಂಡು ಬಂದಿದ್ದಾನೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ವಿಷಯದಲ್ಲಿ ವರುಷಗಳಿಂದ ಕೆಲಸ ಮಾಡಿದ್ದಾರೆ. ಹೊಲದ ತಗ್ಗಿನ ಅಂಚಿಗೆ ಬಸಿಗಾಲುವೆ ತೆಗೆದು, ಸಿಹಿನೀರು ನಿಲ್ಲಿಸಿ ಉಪ್ಪನ್ನು ತೊಳೆದು ಬಸಿದುಬಿಡಬೇಕು. ಮಣ್ಣಿನ ಪರೀಕ್ಷೆ ಮಾಡಿಸಿ, ಬೇಕೆಂದು ಕಂಡರೆ ಜಿಪ್ಸಮ್ ಹಾಕಬೇಕು. ಡಯಾಂಚ ಬೆಳೆದು ಹೂವಾಗುವ ಮೊದಲೇ ಮಣ್ಣಿಗೆ ಸೇರಿಸಬೇಕು. ಒಂದು ವರುಷದ ಮಾತಲ್ಲ. ಬಸಿಗಾಲುವೆ ಒಬ್ಬನ ಹೊಲದಲ್ಲಿ ತೆಗೆದರೆ ಸಾಲದು, ಕೆಳಗಿನ ಹೊಲದವನೂ ದಾರಿ ಕೊಡಬೇಕು. ಆ ಮಾತುಕತೆಯನ್ನು ಕಟ್ಟೆಯ ಮೇಲೆ ಮೂರು ಸಂಜೆ ನಡೆಸಿದರೂ ಪೂರ್ತಿ ಹರಿಯಲಿಲ್ಲ.

ನಾವು ಆ ನಾಲ್ಕೆಕರೆಯನ್ನು ಅಕ್ಕನ ಹೆಸರಿಗೆ ಬರೆದುಕೊಡುವೆವೆಂದಾಗ ಅವಳು ಕಣ್ಣರಳಿಸಿ ನೋಡಿದಳು. “ಬೆಳೆ ಬರೂವಾಗ ನೀ ಇಟಗೊಂಡಿ, ಸವುಳಾದ ಮ್ಯಾಲ ಅಕ್ಕಗ ಕೊಡ್ತೀಯೇನು? ಭಾಳ ಉಪಕಾರ ಆತು!” ಎಂದಳು. ಅಳಿಯನು ನಗೆ ತಡೆಯಲಾರದೆ ಹೊರಗೆ ಹೋದನು. ಕೊನೆಗೆ ಆದ ತೀರ್ಮಾನವಿಷ್ಟು: ಹೊಲ ನಮ್ಮ ಹೆಸರಿನಲ್ಲಿಯೇ ಇರತಕ್ಕದ್ದು, ತಿದ್ದುವ ಖರ್ಚು ನಮ್ಮದು, ದುಡಿಮೆ ಅಳಿಯನದು, ಬೆಳೆ ಬಂದರೆ ಅರ್ಧಕ್ಕರ್ಧ, ಭತ್ತ ಬೇಡ, ಜೋಳ. ಹೊಲ ತಿದ್ದಿ ನೆಟ್ಟಗಾದ ಮೇಲೆ ಯಾವ ನಾಲ್ಕೆಕರೆ ಯಾರದೆಂದು ಮತ್ತೊಮ್ಮೆ ಮಾತಾಡುವುದು, ಅದೂ ಅಕ್ಕನನ್ನು ಮೊದಲು ಕೇಳಿ. ಈ ಕೊನೆಯ ಷರತ್ತನ್ನು ನಾವೇ ಸೇರಿಸಿದೆವು.

ಹೊರಡುವ ದಿನ ಸೆಪ್ಟೆಂಬರ್ 17ರ ಮರುದಿನ. 1948ರಲ್ಲಿ ಈ ಸೀಮೆ ನಿಜಾಮರ ಆಳಿಕೆಯಿಂದ ಬಿಡುಗಡೆ ಹೊಂದಿದ ನೆನಪಿಗೆ ಶಾಲೆಯ ಮುಂದೆ ಕಟ್ಟಿದ್ದ ಬಣ್ಣದ ಕಾಗದಗಳು ಇನ್ನೂ ಗಾಳಿಗೆ ಹಾರುತ್ತಿದ್ದವು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅಕ್ಕನು ಬಸ್ಸು ನಿಲ್ಲುವಲ್ಲಿಯವರೆಗೆ ನಡೆದು ಬಂದಳು. ಕಟಿರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಮಡಿಚಿದ ಕೌದಿ, ಎಲ್ಲವನ್ನೂ ಅಳಿಯನ ಕೈಯಿಂದ ಒಳಗೆ ಇಡಿಸಿದಳು. ಕೌದಿಯನ್ನು ಬೇಡವೆಂದೆವು. “ಒಯ್ಯಿ. ಮತ್ತ ಬರುವಾಗ ತಗೊಂಡು ಬಾ” ಎಂದಳು.

ಬಸ್ಸು ಹೊರಟಿತು. ಅವಳು ಕಿಟಕಿಯ ಜೊತೆಗೆ ನಾಲ್ಕು ಹೆಜ್ಜೆ ಬಂದು, ಗದ್ದಲದ ನಡುವೆ ಕೂಗಿ ಹೇಳಿದಳು: “ಎಳ್ಳಮಾಸಿಗೆ ಚರಗ ಚೆಲ್ಲಾಕ ಬಾ. ಈ ಸಲ ಊರಾಗ ಹಾಯ್ದು ಬಾ, ಏರಿ ಮ್ಯಾಲ ಬರಬ್ಯಾಡ.”